ಬಲ್ಮಠದ ಕೋಣೆಯಲ್ಲಿ ಆಡಿದ ತುಳು

ಆ ಶನಿವಾರ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಏಪ್ರಿಲ್ ತಿಂಗಳ ಸೆಕೆ. ಮಂಗಳೂರಿನ ಪಡೀಲಿನಲ್ಲಿ ನಮ್ಮ ಮನೆ ಬಂಟ್ವಾಳದ ಕಡೆಗೆ ಹೋಗುವ ರಸ್ತೆಗೆ ತಾಗಿಕೊಂಡೇ ಇತ್ತು. ಮುಂದಿನ ಭಾಗದಲ್ಲಿ ಹೋಟೆಲು, ಹಿಂದಿನ ಭಾಗದಲ್ಲಿ ನಾವು ಮೂವರು: ನನ್ನ ಗಂಡ, ಅವರ ಅಕ್ಕ, ನಾನು. ಹೋಟೆಲು ಎಂದರೆ ಕೆಲವು ಮೇಜು ಬೆಂಚು, ತಿಂಡಿ ಇಡುವ ಒಂದು ಗಾಜಿನ ಕಪಾಟು. ಬನ್ಸ್, ಗೋಳಿಬಜೆ, ಚಾ ಇಷ್ಟೇ ನಮ್ಮಲ್ಲಿ ಸಿಗುತ್ತಿದ್ದದ್ದು. ಗಿರಾಕಿಗಳಲ್ಲಿ ಹೆಚ್ಚಿನವರು ಲಾರಿಯವರು.

ಮಧ್ಯಾಹ್ನ ಬಂಗುಡೆ ಸಾರು. ಒಂದು ತುತ್ತು ಬಾಯಿಗಿಟ್ಟು ಅವರು ಮುಖ ಸಿಂಡರಿಸಿದರು.

"ಎಂತ ಅಕ್ಕ, ಸಮುದ್ರವನ್ನೇ ತಂದು ಹೊಯ್ದದ್ದಾ?"

"ಹೋಟೆಲಿನ ಸಕ್ಕರೆ ಚಾ ಕುಡಿದು ಕುಡಿದು ನಿನ್ನ ನಾಲಗೆ ಸತ್ತಿದೆ. ಬೇಕಾದರೆ ಅವಳನ್ನು ಕೇಳು."

ಅವಳೆಂದರೆ ನಾನು. ಅಕ್ಕ ತಮ್ಮನ ಜಗಳದಲ್ಲಿ ಸಾಕ್ಷಿ ಹೇಳುವುದು ಆ ಮನೆಯಲ್ಲಿ ನನಗೆ ಸಿಕ್ಕಿದ ಕೆಲಸ. "ಉಪ್ಪು ಸ್ವಲ್ಪ ಮುಂದೆ ಉಂಟು" ಎಂದೆ.

"ಆಯ್ತು ಮಾರಾಯ್ತಿ, ನಾಳೆಯಿಂದ ಗಂಡ ಹೆಂಡತಿ ಸೇರಿ ಬೇಯಿಸಿಕೊಳ್ಳಿ. ನಾನು ಕೂತು ತಿನ್ನುತ್ತೇನೆ" ಎಂದು ಅಕ್ಕ ನನ್ನ ಬಟ್ಟಲಿಗೆ ಇನ್ನೊಂದು ಮೀನು ಹಾಕಿದರು.

ಸಂಜೆ ನನ್ನ ಗಂಡ ಅಂಗಳದಲ್ಲಿ ಸ್ಕೂಟರು ತೊಳೆದರು. ಮರುದಿನ ಕೊಟ್ಟಾರದಲ್ಲಿ ಅವರ ತಾಯಿ ಕಡೆಯ ನೆಂಟರೊಬ್ಬರ ಹೊಸ ಮನೆಯ ಒಕ್ಕಲು ಇತ್ತು. ಅಕ್ಕ ತಮ್ಮ ಹೋಗುವುದು, ನಾನು ಹೋಟೆಲು ನೋಡಿಕೊಳ್ಳುವುದು ಎಂದು ಮಾತಾಗಿತ್ತು. ಅಕ್ಕ ಸೀರೆಗೆ ಇಸ್ತ್ರಿ ಹಾಕುತ್ತಾ ಒಳಗಿನಿಂದಲೇ ಕೂಗಿದರು, ಗ್ರೀಸು ತಾಗಿದರೆ ಸೀರೆ ನೀನೇ ಒಗೆದು ಕೊಡಬೇಕು ಎಂದು. ಹಾಗಾದರೆ ಬಸ್ಸಿನಲ್ಲಿ ಬಾ ಎಂದು ಇವರು ಕೂಗಿದರು. ಅಷ್ಟೇ. ಆ ದಿನವನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ, ಅದರಲ್ಲಿ ಒಂದು ಸೂಚನೆಯೂ ಇಲ್ಲ.

ಭಾನುವಾರ ಊಟ ಮುಗಿಸಿ ಹಿಂದಿರುಗುವಾಗ ಕೊಟ್ಟಾರದ ಹೆದ್ದಾರಿ ಕೂಡುವಲ್ಲಿ ಒಂದು ಲಾರಿ ಸ್ಕೂಟರಿಗೆ ತಾಗಿತು. ಆಸ್ಪತ್ರೆ ತಲುಪುವ ಮೊದಲೇ ಅವರು ತೀರಿಕೊಂಡಿದ್ದರು. ಅಕ್ಕ ರಸ್ತೆಯ ಬದಿಗೆ ಬಿದ್ದಿದ್ದರು. ಬಲಗಡೆಯ ಭುಜದ ಮೂಳೆ ಮುರಿದಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಆಮೇಲೆ ನಡೆದದ್ದನ್ನು ಹೇಳುವ ಮೊದಲು ನಮ್ಮ ಕಡೆಯ ರೀತಿಯನ್ನು ಸ್ವಲ್ಪ ತಿಳಿಸಬೇಕು. ನಮ್ಮಲ್ಲಿ ಕುಟುಂಬ ನಡೆಯುವುದು ತಾಯಿಯ ಕಡೆಯಿಂದ. ಗಂಡಸು ಎಲ್ಲಿ ಬಾಳಿದರೂ ಅವನು ತನ್ನ ತಾಯಿಯ, ಅಕ್ಕತಂಗಿಯರ ಕುಟುಂಬದವನು. ಹೆಂಡತಿಯ ಕುಟುಂಬ ಬೇರೆ. ಆದ್ದರಿಂದ ಅವರ ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ಮುಂದೆ ನಿಂತು ಎಲ್ಲವನ್ನೂ ಮಾಡಿದ್ದು ಅಕ್ಕ ಮತ್ತು ಅವರ ಕುಟುಂಬದವರು. ತೀರಿಕೊಂಡವರಿಗೆ ಬಡಿಸುವ ಎಲೆಯ ಮುಂದೆ ಅಕ್ಕನನ್ನು ಕೂರಿಸಿದರು. ಕೈಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡೇ ಅಕ್ಕ ಕೂತಿದ್ದರು. ನಾನು ಒಳಕೋಣೆಯ ಬಾಗಿಲಲ್ಲಿ ಹೆಂಗಸರ ಮಧ್ಯೆ ಇದ್ದೆ. ಬಂದವರೆಲ್ಲ ನನ್ನ ಹತ್ತಿರ ಬಂದು ಅತ್ತರು, ನನ್ನ ತಲೆ ಸವರಿದರು.

ಗಂಡ ಹೋದ ಮೇಲೆ ಹೆಂಗಸು ತನ್ನ ತಾಯಿಮನೆಗೆ ಮರಳುವುದು ನಮ್ಮಲ್ಲಿ ಹೊಸತಲ್ಲ, ಅವಮಾನವೂ ಅಲ್ಲ. ಅವಳ ಹಕ್ಕಿನ ಜಾಗ ಅದೇ. ನಮಗೆ ಮಕ್ಕಳೂ ಇರಲಿಲ್ಲ. ಪಡೀಲಿನ ಮನೆ ಅಕ್ಕನದು. ಸಣ್ಣ ಪ್ರಾಯದಲ್ಲೇ ಮದುವೆ ಮುರಿದು ಅವರು ತಾಯಿಯ ಹತ್ತಿರ ಬಂದು ನಿಂತವರು. ಹಾಗಾಗಿ ಬೊಜ್ಜ ಮುಗಿದ ಕೆಲವೇ ದಿನಗಳಲ್ಲಿ ನನ್ನ ಅಣ್ಣ ಬಂದ.

"ಹೊರಡುವುದಲ್ವಾ? ಇಲ್ಲಿ ಇನ್ನು ನಿನಗೆ ಎಂತ ಉಂಟು?" ಎಂದು ಕೇಳಿದ.

ಅಡಿಗೆಮನೆಯಲ್ಲಿದ್ದ ಅಕ್ಕನಿಗೆ ಆ ಮಾತು ಕೇಳಿಸಿತ್ತು. ಅವರು ಹೊರಗೆ ಬರಲಿಲ್ಲ. ಇರು ಎಂದರೆ ಇರುತ್ತಿದ್ದೆ, ಹೋಗು ಎಂದರೆ ಹೋಗುತ್ತಿದ್ದೆ. ಅವರು ಎರಡನ್ನೂ ಹೇಳಲಿಲ್ಲ. "ಮಳೆಗಾಲ ಕಳೆಯಲಿ" ಎಂದು ಅಣ್ಣನನ್ನು ಕಳಿಸಿದೆ. ಆದರೆ ಅವನು ಮತ್ತೆ ಬರುತ್ತಾನೆ, ಆಗ ಉತ್ತರ ಹೇಳಲೇಬೇಕು ಎಂದು ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಬದುಕಿದ ಮನೆ ನನ್ನದೋ ಅಲ್ಲವೋ ಎಂಬುದು ಒಬ್ಬರ ಒಂದು ಮಾತಿನ ಮೇಲೆ ನಿಂತಿತ್ತು, ಆ ಒಬ್ಬರು ಮಾತಾಡುತ್ತಿರಲಿಲ್ಲ.

ಮಾತೇ ಇಲ್ಲ ಎಂದಲ್ಲ. "ಅನ್ನ ಆಗಿದೆ." "ಸ್ನಾನಕ್ಕೆ ನೀರು ಬಿಸಿ ಉಂಟು." "ಹಾಲಿನವನು ಬಂದಿದ್ದಾನೆ." ಇಂಥ ಮಾತುಗಳು. ನೀನು ಎಂಬುದೂ ಇಲ್ಲ, ನಾನು ಎಂಬುದೂ ಇಲ್ಲ. ಹೋಟೆಲಿನ ಬಾಗಿಲು ತೆರೆಯಲೇ ಇಲ್ಲ. ಅದರ ಮುಂದಿನ ರಸ್ತೆಯಲ್ಲಿ ಲಾರಿಗಳು ಮಾತ್ರ ಮೊದಲಿನಂತೆ ಹೋಗುತ್ತಿದ್ದವು. ಯಾವುದಾದರೂ ಲಾರಿ ಬ್ರೇಕು ಹಾಕಿದ ಸದ್ದಾದರೆ ಅಕ್ಕನ ಬಲಗೈ ಮುಷ್ಟಿ ಕಟ್ಟುತ್ತಿತ್ತು. ಹಿಟ್ಟು ಕಲಸುತ್ತಿದ್ದರೂ ಸರಿ, ಕಸ ಗುಡಿಸುತ್ತಿದ್ದರೂ ಸರಿ, ಕೈ ಅಲ್ಲೇ ನಿಂತುಬಿಡುತ್ತಿತ್ತು. ಭುಜ ಮೇಲೆ ಏಳುತ್ತಿರಲಿಲ್ಲ. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ನಮ್ಮಿಂದ ಆಗಬೇಕಾದ್ದು ಏನೂ ಇಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ದಾರಿ ತೋರಿಸಿದ್ದು ಪಕ್ಕದ ಮನೆಯ ಬ್ಯಾರಿ ಹೆಂಗಸು. ಆಕೆಯ ಗಂಡ ಗಲ್ಫಿನಲ್ಲಿದ್ದರು. ಒಂದು ದಿನ ಮಾವಿನಕಾಯಿ ಕೊಡುವ ನೆಪದಲ್ಲಿ ಬಂದು ಅಕ್ಕನ ಕೈಯನ್ನು ನೋಡುತ್ತಾ ಕೂತಳು.

"ಬಲ್ಮಠದಲ್ಲಿ ಒಬ್ಬರು ಮೇಡಂ ಇದ್ದಾರೆ. ಹೋಗಿ ಒಮ್ಮೆ ತೋರಿಸಿ."

"ಮೂಳೆ ಡಾಕ್ಟ್ರಾ?" ಅಕ್ಕ ಕೇಳಿದರು.

"ಮೂಳೆಯದ್ದಲ್ಲ. ಮಾತಾಡಿಸುವವರು."

"ಹುಚ್ಚಿನ ಡಾಕ್ಟ್ರು ಅಂತ ಹೇಳು."

"ಹಾಗಾದರೆ ನನಗೂ ಹುಚ್ಚು, ನನ್ನ ಗಂಡನಿಗೂ ಹುಚ್ಚು! ಇವರು ಎರಡು ವರ್ಷಕ್ಕೊಮ್ಮೆ ಬರುವುದು. ಬಂದರೆ ಎಂತ ಮಾತಾಡುವುದು ಅಂತ ಇಬ್ಬರಿಗೂ ಗೊತ್ತಿಲ್ಲ, ನೆಂಟರ ಹಾಗೆ ಕೂತುಕೊಳ್ಳುವುದು. ಕಡೆಗೆ ಅಲ್ಲಿಗೆ ಹೋದೆವು. ಯಾರಾದರೂ ನೋಡಿದರೆ ಅಂತ ಹೆದರಿಕೆ. ನನಗೆ ಬುರ್ಖಾ ಇತ್ತು. ಅವರು ಪಾಪ, ಕರ್ಚೀಫಿನಲ್ಲಿ ಮುಖ ಒರೆಸ್ತಾ ಒರೆಸ್ತಾ ಬಂದರು."

ಅಕ್ಕನ ತುಟಿ ಸ್ವಲ್ಪ ಅಲ್ಲಾಡಿತು. ಅದನ್ನು ನೋಡಿ ಆಕೆ ಕೂಡಲೇ, "ಕೈ ತೋರಿಸಿ ಬನ್ನಿ, ಸಾಕು. ತಲೆ ಮನೆಯಲ್ಲೇ ಬಿಟ್ಟುಹೋಗಿ" ಎಂದಳು.

ಹೀಗೆ ಅಕ್ಕ ಕೈ ತೋರಿಸಲು ಹೊರಟರು. ಒಂದೇ ಕೈಯಲ್ಲಿ ಬಸ್ಸು ಹತ್ತಲು ಆಗುವುದಿಲ್ಲವೆಂದು ನಾನು ಜೊತೆಗೆ ಹೋದೆ. ಹಂಪನಕಟ್ಟೆಯಲ್ಲಿ ಇಳಿದು ಬಲ್ಮಠದ ಏರಿನಲ್ಲಿ ನಡೆದೆವು. ಒಂದು ಹಳೆಯ ಹೆಂಚಿನ ಮನೆಯ ಮುಂದಿನ ಕೋಣೆ. ಕೆಂಪು ನೆಲ, ಬೆತ್ತದ ಕುರ್ಚಿಗಳು, ಒಂದು ಚಾಪೆ, ಮೂಲೆಯಲ್ಲಿ ನೀರಿನ ಮಣ್ಣಿನ ಕೂಜ. ಮೇಡಂ ಮೈಸೂರು ಕಡೆಯವರು. ಪರದೇಶದಲ್ಲಿ ಓದಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ಗಂಡನ ಕಾಲೇಜು ಕೆಲಸದ ಕಾರಣ ಮಂಗಳೂರಿಗೆ ಬಂದವರು. ನಲವತ್ತೈದರ ಮೇಲಿನ ಪ್ರಾಯ, ಗಿಡ್ಡ ಕೂದಲು, ಹತ್ತಿಯ ಸೀರೆ. ಬಾಗಿಲಿಗೆ ಬಂದು ನಮ್ಮನ್ನು ಕರೆದರು, ನಾವು ಕೂತ ಮೇಲೆ ತಾವು ಕೂತರು.

"ನಾನು ಮದ್ದು ಕೊಡೋ ಡಾಕ್ಟರಲ್ಲ" ಎಂದು ಮೊದಲೇ ಹೇಳಿದರು. "ಮದ್ದು ಬೇಕಾದ್ರೆ ಯಾರ ಹತ್ರ ಹೋಗ್ಬೇಕು ಅಂತ ಹೇಳ್ತೀನಿ. ಊಟ, ನಿದ್ದೆ, ಉಸಿರು, ಮೈಕೈ, ಮನಸ್ಸು, ಮನೇಲಿ ಜೊತೆಗಿರೋ ಜನ, ಇದನ್ನೆಲ್ಲ ಬೇರೆ ಬೇರೆ ಅಂತ ನಾನು ನೋಡಲ್ಲ. ಒಂದು ಕಡೆ ಕಟ್ಟಿಕೊಂಡ್ರೆ ಇನ್ನೊಂದು ಕಡೆಯಿಂದ ಬಿಚ್ಚಬಹುದು."

ನಾನು ಎದ್ದು ಹೊರಗೆ ಹೋಗಲು ನೋಡಿದೆ. "ನೀವೂ ಇರಿ. ಒಂದೇ ಮನೆಯವರಲ್ವಾ?" ಎಂದರು. ಆ ಪ್ರಶ್ನೆಗೆ ನಾವಿಬ್ಬರೂ ಉತ್ತರ ಕೊಡಲಿಲ್ಲ. ಅದನ್ನು ಅವರು ಗಮನಿಸಿದರು ಎಂದು ಈಗ ಅನಿಸುತ್ತದೆ. ಆಗ ಏನೂ ಕೇಳಲಿಲ್ಲ.

ಅಪಘಾತದ ಬಗ್ಗೆಯೂ ಅವರು ಕೇಳಲಿಲ್ಲ. ಅದು ನನಗೆ ಆಶ್ಚರ್ಯ. ಊರಿಗೆ ಊರೇ ಅದನ್ನೇ ಕೇಳಿತ್ತು. ಇವರು ಬೆಳಿಗ್ಗೆ ಎಂತ ತಿಂದದ್ದು ಎಂದು ಕೇಳಿದರು.

"ಚಾ" ಎಂದರು ಅಕ್ಕ.

"ಚಾ ಜೊತೆಗೆ?"

"ಇನ್ನೊಂದು ಚಾ."

ಮೇಡಂ ನಕ್ಕರು. ಚಪ್ಪಲಿ ಬಿಟ್ಟು ಪಾದ ಪೂರ್ತಿ ನೆಲಕ್ಕೆ ಊರಲು ಹೇಳಿದರು. ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ಕೇಳಿದರು. ಕಿವಿಗೆ ಏನೇನು ಬೀಳುತ್ತದೆ, ಒಂದೊಂದಾಗಿ ಹೇಳಿ ಎಂದರು. ಕಾಗೆ, ಕಾಲೇಜಿನ ಗಂಟೆ, ಯಾರೋ ಬಾವಿಯಿಂದ ನೀರು ಸೇದುವ ರಾಟೆ. ಹೀಗೆ ಹೇಳುತ್ತಿರುವಾಗ ಹೊರಗೆ ಏರಿನಲ್ಲಿ ಒಂದು ಲಾರಿ ಗೇರು ಬದಲಿಸಿ ಗುರುಗುಟ್ಟಿತು. ಅಕ್ಕನ ಮುಷ್ಟಿ ಬಿಗಿಯಿತು. ಹೆದರಬೇಡಿ ಎಂದು ಮೇಡಂ ಹೇಳಲಿಲ್ಲ. ಆ ಸದ್ದನ್ನೇ ಕೇಳುತ್ತಾ ಮೆಲ್ಲಗೆ, "ಬಂತು" ಎಂದರು. ಸ್ವಲ್ಪ ಹೊತ್ತಿಗೆ, "ಹೋಗ್ತಾ ಇದೆ." ಸದ್ದು ಕರಗಿದ ಮೇಲೆ, "ಹೋಯ್ತು." ಅಕ್ಕನ ಬೆರಳು ತಾನಾಗಿ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ.

ಹಿಂದೆ ಬರುವಾಗ ಅಕ್ಕ ಬಸ್ಸಿನಲ್ಲಿ ಒಂದೇ ಮಾತು ಹೇಳಿದರು. "ಅವರ ಕನ್ನಡ ರೇಡಿಯೋದ ಹಾಗೆ ಉಂಟು. ಆದರೆ ಜನ ಒಳ್ಳೆಯವರು."

ಆ ಮಳೆಗಾಲ ಪೂರ್ತಿ ನಾವು ವಾರಕ್ಕೊಮ್ಮೆ ಹೋದೆವು. ಅಕ್ಕನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಎರಡೂ ಅಂಗೈಯಿಂದ ಗೋಡೆಯನ್ನು ದೂಡಲು ಹೇಳುತ್ತಿದ್ದರು.

"ಗೋಡೆ ಬಿದ್ದರೆ ನನ್ನನ್ನು ಕೇಳಬಾರದು ಮೇಡಂ."

"ಬೀಳಿಸಿ, ನೋಡೋಣ. ಬಾಡಿಗೆ ಮನೆ ತಾನೆ!"

ದೂಡುವುದು, ಬಿಡುವುದು, ಉಸಿರನ್ನು ಹೊರಗೆ ಹೋಗಲು ಬಿಡುವುದು. ಕೈ ಎಷ್ಟು ಏಳುತ್ತದೋ ಅಷ್ಟೇ. ಅದಕ್ಕಿಂತ ಮೇಲೆ ಅವರು ಎಂದೂ ಎಳೆಯಲಿಲ್ಲ. "ಮೂಳೆಗೆ ಎಲ್ಲಾ ಮುಗಿದಿದೆ ಅಂತ ಗೊತ್ತು. ಕೈಗೆ ಇನ್ನೂ ಗೊತ್ತಿಲ್ಲ. ಅದಕ್ಕೆ ನಿಧಾನವಾಗಿ ತಿಳಿಸ್ಬೇಕು" ಎನ್ನುತ್ತಿದ್ದರು. ನಾನು ಕಡಿಮೆ ಓದಿದವಳು, ಅವರ ವಿದ್ಯೆಯ ಹೆಸರೂ ಸರಿಯಾಗಿ ತಿಳಿಯದು. ಆದರೆ ಒಬ್ಬರು ಇನ್ನೊಬ್ಬರ ಮೈಯನ್ನು ಅಷ್ಟು ಮರ್ಯಾದೆಯಿಂದ ನೋಡುವುದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಮುಟ್ಟುವ ಮೊದಲು ಮುಟ್ಟಲಾ ಎಂದು ಕೇಳುತ್ತಿದ್ದರು. ಸುಮ್ಮನಿದ್ದರೆ ಅವರೂ ಸುಮ್ಮನಿರುತ್ತಿದ್ದರು. ಆ ಮೌನದಲ್ಲಿ ಅವಸರ ಇರಲಿಲ್ಲ.

ಕೈ ಸ್ವಲ್ಪ ಸ್ವಲ್ಪ ಎದ್ದಿತು. ಮನೆಯಲ್ಲಿ ಮಾತು ಏಳಲಿಲ್ಲ. ಬಲ್ಮಠದ ಕೋಣೆಯಲ್ಲಿ ಕೂತು ನಾವಿಬ್ಬರೂ ಮೇಡಂ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದೆವು. ಅಪಘಾತದ ಬಗ್ಗೆಯೂ ಹೇಳಿದೆವು. "ಅವರು ಭಾನುವಾರ ಕೊಟ್ಟಾರಕ್ಕೆ ಹೋಗಿದ್ದರು. ಹಿಂತಿರುಗುವಾಗ ಅಪಘಾತ ಆಯಿತು." "ಅವರಿಗೆ ಕೂಡಲೇ ಪ್ರಜ್ಞೆ ತಪ್ಪಿತು." ಪೇಪರಿನಲ್ಲಿ ಬಂದ ಸುದ್ದಿಯ ಹಾಗೆ. ಆಗ ಅದು ನಮಗೆ ತೋಚಲಿಲ್ಲ. ಕನ್ನಡ ನಮಗೆ ಶಾಲೆಯ ಭಾಷೆ, ಬ್ಯಾಂಕು ಆಫೀಸಿನ ಭಾಷೆ. ಕನ್ನಡದಲ್ಲಿ ಮಾತಾಡುವಾಗ ಬೆನ್ನು ನೆಟ್ಟಗಾಗುತ್ತದೆ, ಒಳ್ಳೆಯ ಸೀರೆ ಉಟ್ಟ ಹಾಗಾಗುತ್ತದೆ. ಅಳುವುದೂ ಜಗಳಾಡುವುದೂ ತುಳುವಿನಲ್ಲಿ.

ಅದನ್ನು ಕಂಡುಹಿಡಿದದ್ದು ತುಳುವಿನ ಒಂದು ಶಬ್ದವೂ ತಿಳಿಯದ ಮೇಡಂ. ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ದಿನ ನಮ್ಮಿಬ್ಬರನ್ನೂ ನೋಡಿ ಕೇಳಿದರು:

"ಮನೇಲಿ ನೀವು ಮಾತಾಡೋದು ಯಾವ ಭಾಷೆ?"

"ತುಳು."

"ಹಾಗಾದ್ರೆ ಇವತ್ತು ತುಳುವಿನಲ್ಲೇ ಮಾತಾಡಿ. ನನ್ನ ಹತ್ರ ಅಲ್ಲ. ನೀವು ಇವರ ಹತ್ರ, ಇವರು ನಿಮ್ಮ ಹತ್ರ."

"ನಿಮಗೆ ಅರ್ಥ ಆಗುವುದಿಲ್ಲವಲ್ಲ ಮೇಡಂ?" ಎಂದೆ.

"ನನಗೆ ಅರ್ಥ ಆಗ್ಲೇಬೇಕು ಅಂತೇನಿಲ್ಲ" ಎಂದು, ನಮ್ಮ ಕುರ್ಚಿಗಳನ್ನು ಎದುರುಬದುರಾಗಿ ತಿರುಗಿಸಿ ತಾವು ಚಾಪೆಯ ಮೇಲೆ ಹೋಗಿ ಕೂತರು.

ಆಮೇಲೆ ನಾನೇ ಶುರು ಮಾಡಿದೆ. ಬೊಜ್ಜದ ದಿನ ಎಲೆ ಹಾಕುವಾಗ ನನ್ನನ್ನು ಒಂದು ಮಾತು ಕರೆಯಲಿಲ್ಲ ನೀವು, ಎಂದೆ. ಅಕ್ಕ ಸಿಡಿದರು. ಕರೆಯಬೇಕಾ? ಆರು ಕೋಣೆಯ ಅರಮನೆಯಾ ಅದು? ಎದ್ದು ಬರಬಾರದಿತ್ತಾ? ನನ್ನ ಪಕ್ಕ ಕೂರಲು ನಿನಗೆ ಮನಸ್ಸಿಲ್ಲ ಅಂತ ತಿಳಿದೆ. ನಾನು ಬದುಕಿದ್ದು ಅವನು ಹೋದದ್ದು ನಿನಗೆ ಸೇರಲಿಲ್ಲ ಅಂತ ತಿಳಿದೆ. ಹಾಗೆ ನಾನು ಹೇಳಿದ್ದೇನಾ, ಎಂದೆ. ಹೇಳಬೇಕಾ, ಮುಖ ನೋಡಿದರೆ ಸಾಲದಾ, ಎಂದರು. ಇಬ್ಬರ ದನಿಯೂ ಏರಿತು. ಮೇಡಂ ಚಾಪೆಯ ಮೇಲಿನಿಂದ ಒಮ್ಮೆ ನನ್ನ ಮುಖ, ಒಮ್ಮೆ ಅಕ್ಕನ ಮುಖ ನೋಡುತ್ತಿದ್ದರು. ಕಡೆಗೆ ಕೈ ಎತ್ತಿದರು.

"ಒಂದು ನಿಮಿಷ, ಕ್ಷಮಿಸಿ. ನನಗೊಂದು ಗೊತ್ತಾಗ್ಬೇಕು. ಇವರು ಸಲಸಲಕ್ಕೂ 'ಆರ್' ಅಂತಾರೆ. ಅದು ಯಜಮಾನ್ರು ಅಂತ ಅಂದ್ಕೊಂಡೆ. ನೀವು 'ಆಯೆ' ಅಂತೀರಿ. ಅದು ಯಾರು? ಪಾಪ, ಅವರೂ ಅದೇ ಲಾರಿಗೆ ಸಿಕ್ಕಿದ್ರಾ?"

ನಾವಿಬ್ಬರೂ ಅವರನ್ನು ನೋಡಿದೆವು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲು ನಕ್ಕಿದ್ದು ಅಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

"ಒಬ್ಬನೇ ಮೇಡಂ! ಎರಡೂ ಒಬ್ಬನೇ! ಇದ್ದವನು ಒಬ್ಬ, ನೀವು ಇಬ್ಬರನ್ನು ಕೊಂದಿರಿ!"

ನಾನು ನಗುತ್ತಲೇ ವಿವರಿಸಿದೆ. ತುಳುವಿನಲ್ಲಿ ಗಂಡನನ್ನು ಹೆಂಡತಿ 'ಆರ್' ಎನ್ನುತ್ತಾಳೆ, ಎಂದರೆ ಅವರು. ಅಕ್ಕ ತಮ್ಮನನ್ನು 'ಆಯೆ' ಎನ್ನುತ್ತಾಳೆ, ಎಂದರೆ ಅವನು. ಮೇಡಂ ಹತ್ತಿರ ಕನ್ನಡದಲ್ಲಿ ಮಾತಾಡುವಾಗ ಅಕ್ಕನೂ ಮರ್ಯಾದೆಗೆ 'ಅವರು' ಎಂದೇ ಹೇಳುತ್ತಿದ್ದರು. ಹಾಗಾಗಿ ಇಷ್ಟು ದಿನ ಆ ಕೋಣೆಯಲ್ಲಿ ಒಬ್ಬನೇ ಗಂಡಸಿದ್ದ.

ಮೇಡಂ ಕೂಡ ನಕ್ಕರು, ತಪ್ಪಾಯ್ತು ಎಂದರು. ನಗು ನಿಂತ ಮೇಲೆ ಸ್ವಲ್ಪ ಯೋಚಿಸಿ, "ಆದ್ರೆ ನನಗೆ ಅಷ್ಟೊಂದು ತಪ್ಪಾಗಿದೆ ಅಂತ ಅನಿಸ್ತಾ ಇಲ್ಲ" ಎಂದರು. ನನ್ನ ಕಡೆ ತಿರುಗಿ, "ಇವರ ಆಯೆ ಬಗ್ಗೆ ನಿಮಗೆ ಎಷ್ಟು ಗೊತ್ತು?" ಎಂದು ಕೇಳಿದರು. ಅಕ್ಕನ ಕಡೆ ತಿರುಗಿ, "ಇವರ ಆರ್ ಯಾರು ಅಂತ ನಿಮಗೆ ಗೊತ್ತಾ?"

ನನ್ನ ನಗು ಅಲ್ಲಿಗೇ ನಿಂತಿತು. ಸಾವಿನ ಮನೆಗೆ ಬಂದವರೆಲ್ಲ ಸಮಾಧಾನ ಹೇಳಿದ್ದು ನನಗೆ. ಅಕ್ಕನ ಹತ್ತಿರ ಕೈ ಹೇಗುಂಟು ಎಂದು ಕೇಳಿದರು, ಅಷ್ಟೇ. ತಾನು ಎತ್ತಿ ಆಡಿಸಿದ ತಮ್ಮ ಹೋದನಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕ್ರಿಯೆಯ ಜಾಗವೆಲ್ಲ ಅಕ್ಕನಿಗೆ, ಕಣ್ಣೀರಿನ ಜಾಗವೆಲ್ಲ ನನಗೆ. ಹೀಗೆ ಊರಿನವರು ಪಾಲು ಮಾಡಿಕೊಟ್ಟಿದ್ದರು, ನಾವು ಅದನ್ನು ತೆಗೆದುಕೊಂಡು ಬೇರೆ ಬೇರೆ ಮೂಲೆಗಳಲ್ಲಿ ಕೂತಿದ್ದೆವು.

ಅವತ್ತೇ ಅಕ್ಕ ನನಗೆ ಆ ಭಾನುವಾರದ್ದನ್ನು ಹೇಳಿದ್ದು, ತುಳುವಿನಲ್ಲಿ. ದಾರಿಯಿಡೀ ಮನೆ ಒಕ್ಕಲಿನ ಪಾಯಸ ನೀರಾಗಿತ್ತು ಎಂದು ಇಬ್ಬರೂ ಆಡಿಕೊಂಡು ಬರುತ್ತಿದ್ದರಂತೆ. ಹೆದ್ದಾರಿ ಕೂಡುವಲ್ಲಿ ಅವರು, "ಅಕ್ಕ, ಗಟ್ಟಿ ಹಿಡಿದುಕೋ" ಎಂದರಂತೆ. ಅಕ್ಕ ಬಲಗೈಯಲ್ಲಿ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದರಂತೆ. ಆಮೇಲಿನದ್ದು ಗೊತ್ತಿಲ್ಲ. ಆಸ್ಪತ್ರೆಯಲ್ಲಿ ನೋಡುವಾಗ ಮುಷ್ಟಿಯೊಳಗೆ ಅಂಗಿಯ ಚೂರು ಇತ್ತಂತೆ. "ನಾನು ಬಿಡಲಿಲ್ಲ. ಬಿಡಲಿಲ್ಲ ನಾನು" ಎಂದು ಅಕ್ಕ ನನ್ನನ್ನೇ ನೋಡಿ ಹೇಳಿದರು. ನಾನು ಆ ಕೈಯನ್ನು ಹಿಡಿದುಕೊಂಡೆ. ಮೇಡಂ ಎದ್ದು ಕೂಜದಿಂದ ನೀರು ಬಗ್ಗಿಸಿ ಇಬ್ಬರ ಮುಂದೆಯೂ ಇಟ್ಟರು. ಎಂತ ಹೇಳಿದರು ಎಂದು ನಮ್ಮನ್ನು ಕೇಳಲಿಲ್ಲ. ಅವರ ಬಗ್ಗೆ ನನಗೆ ಅತ್ಯಂತ ದೊಡ್ಡದು ಎಂದು ಈಗಲೂ ಅನಿಸುವುದು ಇದೇ. ತಮ್ಮಿಂದಲೇ ತೆರೆದುಕೊಂಡ ಮಾತಿನ ಅರ್ಥ ತಮಗೆ ಬೇಕು ಎಂದು ಅವರು ಹಠ ಹಿಡಿಯಲಿಲ್ಲ.

ಬಸ್ಸಿನಲ್ಲಿ ಹೋಗಿಬರುವಾಗ ಅಕ್ಕ ಆಯೆಯ ಒಂದು ಕಥೆ, ನಾನು ಆರ್‌ನ ಒಂದು ಕಥೆ ಹೇಳಬೇಕು ಎಂದು ಮೇಡಂ ಒಂದು ಕೆಲಸ ಕೊಟ್ಟರು. ಅಕ್ಕ ಮೊದಲು ಮೂಗು ಮುರಿದರು, ಆಮೇಲೆ ನಿಲ್ಲಿಸಲೇ ಇಲ್ಲ. ಶಾಲೆಗೆ ಚಕ್ಕರ್ ಹೊಡೆದು ಮಾವಿನ ಮರದಲ್ಲಿ ಕೂತವನು, ಕೆಂಪಿರುವೆ ಕಚ್ಚಿ ಚಡ್ಡಿ ಬಿಚ್ಚಿ ಓಡಿ ಬಂದವನು. ನಾನು ಹೇಳಿದೆ, ಅವರು ಹಲ್ಲಿಗೆ ಹೆದರುತ್ತಿದ್ದರು, ಗೋಡೆಯಲ್ಲಿ ಹಲ್ಲಿ ಕಂಡರೆ ನನ್ನನ್ನು ಎಬ್ಬಿಸುತ್ತಿದ್ದರು ಎಂದು.

"ಹಲ್ಲಿಗಾ? ಆಯೆಯಾ?" ಅಕ್ಕ ಬಸ್ಸಿನಲ್ಲೇ ಕೂಗಿದರು. "ನನ್ನ ಹತ್ತಿರ ಹಾವು ಹಿಡಿದ ಕಥೆ ಹೇಳ್ತಿದ್ದನಲ್ಲ, ಕಳ್ಳ!"

ಮುಂದಿನ ಸೀಟಿನವರು ತಿರುಗಿ ನೋಡಿದರು. ತೀರಿಹೋದವರ ಮಾತು ಎಂದು ಅವರಿಗೆ ಅನಿಸಿರಲಾರದು.

ದೀಪಾವಳಿ ಹೊತ್ತಿಗೆ ಅಣ್ಣ ಮತ್ತೆ ಬಂದ. ಜಗಲಿಯಲ್ಲಿ ಕೂತು, ಮಳೆಗಾಲ ಕಳೆಯಿತಲ್ಲ ಎಂದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಚಾ ಹಿಡಿದುಕೊಂಡು ಹೊರಗೆ ಬಂದರು. ಬಲಗೈಯಲ್ಲೇ ಹಿಡಿದಿದ್ದರು.

"ಹೌದು, ಕಳೆಯಿತು. ನೀವು ಚಾ ಕುಡಿದು ಹೋಗಿ. ಅವಳು ಬರುವುದಿಲ್ಲ."

"ಹಾಗಲ್ಲ ಅಕ್ಕ, ಅವಳಿಗೂ ಅವಳ ಜನ ಅಂತ..."

"ನಾನು ಯಾರ ಜನ? ಬೀದಿಯವಳಾ?" ಎಂದು ಅಕ್ಕ ನನ್ನ ಕಡೆ ತಿರುಗಿದರು. "ಬಾಯಲ್ಲಿ ಎಂತ ಉಂಟು ನಿನಗೆ? ಇಷ್ಟು ದಿನ ಬಲ್ಮಠಕ್ಕೆ ಹೋದದ್ದು ದಂಡವಾ? ಹೇಳು, ನಿನಗೆ ಎಲ್ಲಿರಬೇಕು?"

"ನನಗೆ ಇಲ್ಲಿ ಇರಬೇಕು" ಎಂದೆ. ನನಗೆ ಬೇಕು ಎಂದು ನಾನು ಅದಕ್ಕೆ ಮೊದಲು ಯಾವತ್ತೂ ಯಾರ ಮುಂದೆಯೂ ಹೇಳಿದವಳಲ್ಲ. ಅಣ್ಣ ಇಬ್ಬರನ್ನೂ ನೋಡಿ ಚಾ ಕುಡಿದ. ಸಕ್ಕರೆ ಹೆಚ್ಚಾಗಿದೆ ಎಂದ. ಆಮೇಲೆ ನನಗೆ ಗೊತ್ತಾಯಿತು, ಮೊದಲ ಸಲ ಅವನು ಬಂದಾಗ ಅಕ್ಕ ಅಡಿಗೆಮನೆಯಲ್ಲಿ ನಿಂತು, ನಾನು ಹೋಗುವುದಿಲ್ಲ ಎಂದು ಇವಳು ಹೇಳುತ್ತಾಳಾ ಎಂದು ಕಾಯುತ್ತಿದ್ದರಂತೆ.

ಮುಂದಿನ ವರ್ಷ ಹೋಟೆಲು ತೆರೆದೆವು. ಮೊದಲಿಗೆ ನಾನು ಮುಂದೆ, ಅಕ್ಕ ಹಿಂದೆ ಒಲೆಯ ಹತ್ತಿರ. ಲಾರಿ ನಿಂತರೆ ಒಳಗಿನಿಂದ "ಬಂತು" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಎಷ್ಟೋ ತಿಂಗಳ ಮೇಲೆ ಒಂದು ದಿನ ತಾವೇ ಎದ್ದು ಬಂದು ಒಬ್ಬ ಡ್ರೈವರನ ಮುಂದೆ ಚಾ ಇಟ್ಟು, "ನಿಧಾನ ಹೋಗು ಮಾರಾಯ" ಎಂದರು. ಎಲ್ಲವೂ ಸರಿಯಾಯಿತು ಎಂದು ಹೇಳುವುದಿಲ್ಲ. ಅಕ್ಕ ಮತ್ತೆ ಸ್ಕೂಟರಿನಲ್ಲಿ ಕೂರಲಿಲ್ಲ. ಮೇಡಂ ಅದಕ್ಕೆ ಒತ್ತಾಯವನ್ನೂ ಮಾಡಲಿಲ್ಲ. "ಬಸ್ಸಿದೆ ಅಲ್ವಾ? ಬಸ್ಸಲ್ಲಿ ಹೋಗಿ" ಎಂದರು.

ಒಮ್ಮೆ ಮೇಡಂ ನಮ್ಮ ಹೋಟೆಲಿಗೇ ಬಂದು ಗೋಳಿಬಜೆ ತಿಂದರು. ಅಕ್ಕ ಅವರಿಗೆ ತುಳು ಕಲಿಸಲು ಹೊರಟರು. ಪಕ್ಕದ ಮನೆಯ ಬ್ಯಾರಿ ಹೆಂಗಸೂ ಬಂದು ಸೇರಿಕೊಂಡಳು. ನಿಮ್ಮಿಂದಲೇ ಈ ಹೋಟೆಲು ತೆರೆದದ್ದು ಎಂದು ನಾನು ಹೇಳಿದರೆ ಮೇಡಂ ಒಪ್ಪಲಿಲ್ಲ. "ನಾನು ಕುರ್ಚಿ ತಿರುಗಿಸಿದೆ, ಅಷ್ಟೇ" ಎಂದರು. ಅವರು ದೊಡ್ಡವರು ಎಂದು ತಿಳಿಯಲು ನನಗೆ ಅಷ್ಟು ಸಾಕು. ಆದರೆ ಆ ಕುರ್ಚಿಯನ್ನು ಯಾವಾಗ ತಿರುಗಿಸಬೇಕು ಎಂದು ನೋಡುತ್ತಾ ಒಂದು ಮಳೆಗಾಲ ಕಾದದ್ದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಎಂಬತ್ತರ ದಶಕದ ಮಧ್ಯದಲ್ಲಿ ಗಂಡನಿಗೆ ನಿವೃತ್ತಿಯಾಗಿ ಮೇಡಂ ಮೈಸೂರು ಕಡೆಗೆ ಹೊರಟರು. ಹೇಳಿಬರಲು ನಾನೊಬ್ಬಳೇ ಬಲ್ಮಠಕ್ಕೆ ಹೋದೆ. ಚಾಪೆ ಸುತ್ತಿಟ್ಟಿದ್ದರು. ಅಷ್ಟು ವರ್ಷ ಹೇಳದೆ ಉಳಿದಿದ್ದ ಒಂದನ್ನು ಅವತ್ತು ಹೇಳಿದೆ. ನನ್ನ ಗಂಡನ ಮುಖ ನೆನಪಾಗುತ್ತದೆ, ನಡಿಗೆ ನೆನಪಾಗುತ್ತದೆ, ಕೈಯ ಬಿಸಿ ಕೂಡ. ಅವರ ಸ್ವರ ಮಾತ್ರ ಬರುವುದಿಲ್ಲ. ಆಡಿದ ಮಾತು ಗೊತ್ತುಂಟು, ಸ್ವರ ಇಲ್ಲ.

ಮೇಡಂ ಸುತ್ತಿಟ್ಟ ಚಾಪೆಯನ್ನು ಬದಿಗೆ ಸರಿಸಿ ನನ್ನ ಹತ್ತಿರ ಬಂದು ಕೂತರು. "ಬರಬಹುದು. ಬರದೇನೂ ಇರಬಹುದು. ಬರುತ್ತೆ ಅಂತ ನಿಮಗೆ ಸುಳ್ಳು ಹೇಳಲಾರೆ" ಎಂದರು. ಆಮೇಲೆ ಕೇಳಿದರು, "ಅಕ್ಕನ ಸ್ವರ ಹೇಗೆ?"

ಮನೆಗೆ ಬಂದು ಗಮನ ಕೊಟ್ಟು ಕೇಳಿದೆ. ನಿಜ. ಸಿಟ್ಟಿನಲ್ಲಿ ಅಕ್ಕ ನನ್ನನ್ನು ಕರೆಯುವಾಗ ಕೊನೆಯ ಅಕ್ಷರವನ್ನು ಎಳೆಯುತ್ತಿದ್ದ ರೀತಿ ಅವರ ತಮ್ಮನದೇ. ಒಂದೇ ತಾಯಿಯ ಮಕ್ಕಳು, ಒಂದೇ ಅಂಗಳದಲ್ಲಿ ಕೂಗಿ ಬೆಳೆದವರು. ಆಮೇಲಿನ ವರ್ಷಗಳಲ್ಲಿ ನಾನು ಎಷ್ಟೋ ಸಲ ಬೇಕೆಂದೇ ಅಕ್ಕನಿಗೆ ಸಿಟ್ಟು ಬರಿಸಿದೆ. ಅವರಿಗೆ ಅದು ಗೊತ್ತಿತ್ತು ಎಂದು ಕಾಣುತ್ತದೆ. ಬೈದು ಮುಗಿಸಿದ ಮೇಲೆ, "ಸಾಕಾ, ಇನ್ನೂ ಬೇಕಾ?" ಎಂದು ಕೇಳುತ್ತಿದ್ದರು.

ಅಕ್ಕ ಹೋದದ್ದು ಹೋದ ವರ್ಷ, ಸಕ್ಕರೆ ಕಾಯಿಲೆಯಲ್ಲಿ, ಮನೆಯಲ್ಲೇ. ಬೊಜ್ಜದ ದಿನ ಅವರ ಕುಟುಂಬದವರು ನನ್ನನ್ನು ಕರೆದು ಎಲೆಯ ಮುಂದೆ ಕೂರಿಸಿದರು. ಹಾಗೆ ಮಾಡಬೇಕೆಂದು ಅಕ್ಕ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದರಂತೆ. ಕೂತಾಗ ಪಾದವನ್ನು ನೆಲಕ್ಕೆ ಊರಿದೆ. ಉಸಿರು ಹೋಯಿತು, ಬಂತು. ಅಳು ಬಂದಾಗ ಅತ್ತೆ. ತುಳುವಿನಲ್ಲೇ ಅತ್ತೆ.

ಹೋಟೆಲು ನಡೆಯುತ್ತಿದೆ. ಊಟ, ನಿದ್ದೆ ಎರಡೂ ಸರಿ ಉಂಟು. ಪಕ್ಕದ ಮನೆಯವಳು ದಿನಾ ಬಂದು ಮಾತಾಡಿಸಿ ಹೋಗುತ್ತಾಳೆ. ನನ್ನ ಗಂಡನ ಸ್ವರ ಇನ್ನೂ ನೆನಪಿಗೆ ಬಂದಿಲ್ಲ. ಬೈಗುಳದಲ್ಲಾದರೂ ಅದನ್ನು ಕೇಳೋಣವೆಂದರೆ ಈಗ ಅಕ್ಕನೂ ಇಲ್ಲ.